ಆಂಪ್‌ಗೆ ಹೆಸರು, ಪೆಟ್ಟಿಗೆಗೆ ದುಡಿಮೆ

ಲಿಯೋ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಅವರು, ವಾದ್ಯದವರ ದೂರು ಕೇಳಿ ಕೇಳಿ, ಬಿಚ್ಚಿ ಜೋಡಿಸಿ, ಆ ದಾರಿಯಲ್ಲೇ ಗಿಟಾರ್ ಮತ್ತು ಆಂಪ್ಲಿಫೈಯರ್ ತಯಾರಕರಾದವರು. 1950ರ ದಶಕದಲ್ಲಿ ಅವರ ಕಾರ್ಖಾನೆಯಿಂದ ಬೇಸ್ ಗಿಟಾರಿನವರಿಗೆಂದೇ ‘ಬೇಸ್‌ಮನ್’ ಎಂಬ ಆಂಪ್ ಹೊರಬಂತು. ದಶಕ ಮುಗಿಯುವ ಹೊತ್ತಿಗೆ ಅದರ ರೂಪ ಹೀಗಿತ್ತು: ಟ್ವೀಡ್ ಬಟ್ಟೆ ಹೊದೆಸಿದ ಮರದ ಪೆಟ್ಟಿಗೆ, ಬೆನ್ನು ತೆರೆದದ್ದು, ಒಳಗೆ ಹತ್ತು ಇಂಚಿನ ನಾಲ್ಕು ಜೆನ್ಸನ್ ಸ್ಪೀಕರ್, ಸುಮಾರು 45 ವಾಟ್ ಶಕ್ತಿ. ಬೇಸ್‌ನವರಿಗೆ ಅದು ಅಷ್ಟಕ್ಕಷ್ಟೆ. ಗಿಟಾರಿನವರು ಮಾತ್ರ ಬಿಡಲಿಲ್ಲ.

ಅತ್ತ ಲಂಡನ್ನಿನ ಪಶ್ಚಿಮ ಅಂಚಿನ ಹ್ಯಾನ್‌ವೆಲ್‌ನಲ್ಲಿ ಜಿಮ್ ಮಾರ್ಷಲ್ ಎಂಬ ಡ್ರಮ್ ಮೇಷ್ಟರ ವಾದ್ಯದಂಗಡಿ. ಅಲ್ಲಿಗೆ ಬರುತ್ತಿದ್ದ ಹುಡುಗರಿಗೆ ಫೆಂಡರ್ ಬೇಕು. ಅಮೆರಿಕದಿಂದ ಬಂದ ಮಾಲಿನ ಬೆಲೆ ಕೇಳಿದರೆ ಜೇಬು ಮುಟ್ಟಿ ನೋಡಿಕೊಳ್ಳಬೇಕು. ಮಾರ್ಷಲ್, ಅವರ ರಿಪೇರಿಗಾರ ಕೆನ್ ಬ್ರ್ಯಾನ್, ಇನ್ನೂ ಹದಿಹರೆಯದ ಡಡ್ಲಿ ಕ್ರೇವನ್ ಸೇರಿ 1962ರ ಹೊತ್ತಿಗೆ ಬೇಸ್‌ಮನ್ನಿನ ಸರ್ಕ್ಯೂಟನ್ನೇ ಎದುರಿಗಿಟ್ಟುಕೊಂಡು ತಮ್ಮದೊಂದು ಆಂಪ್ ಕಟ್ಟಿದರು. ಅದೇ ಜೆಟಿಎಂ45. ಸರ್ಕ್ಯೂಟ್ ಬಹುಪಾಲು ನಕಲು. ಅಮೆರಿಕನ್ ವಾಲ್ವ್ ಬದಲು (ಕೆಲಕಾಲದ ಬಳಿಕ) ಇಂಗ್ಲೆಂಡಿನ ಕೆಟಿ66, ಮೊದಲ ಹಂತದಲ್ಲಿ ಇನ್ನಷ್ಟು ಗೇನ್, ಅಂದರೆ ಸಿಗ್ನಲ್ ವರ್ಧನೆ, ಕೊಡುವ ಇಸಿಸಿ83, ಸ್ಥಳೀಯ ಟ್ರಾನ್ಸ್‌ಫಾರ್ಮರ್. ಇಷ್ಟೇ ಆಗಿದ್ದರೆ ಅದು ಫೆಂಡರ್‌ನ ಲಂಡನ್ ಆವೃತ್ತಿಯಾಗಿ ಉಳಿದುಬಿಡುತ್ತಿತ್ತೇನೋ. ಆದರೆ ಅವರು ಪೆಟ್ಟಿಗೆಯನ್ನೇ ಬೇರೆ ಮಾಡಿದರು. ಹನ್ನೆರಡು ಇಂಚಿನ ನಾಲ್ಕು ಸೆಲೆಶ್ಚನ್ ಸ್ಪೀಕರ್‌ಗಳನ್ನು ಬೆನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿದರು. ಆಗಿನ ಸ್ಪೀಕರ್‌ಗಳು ಹೆಚ್ಚು ವಾಟ್ ತಾಳುತ್ತಿರಲಿಲ್ಲ, ಅದಕ್ಕೇ ನಾಲ್ಕು.

ಜಾತಕ ಒಂದೇ, ಗುಣ ಬೇರೆ. ಬೇಸ್‌ಮನ್ನಿನ ದನಿ ಗಾಳಿಯಾಡುವ, ಹರಡಿಕೊಳ್ಳುವ ದನಿ. ಮಾರ್ಷಲ್‌ನದು ಎದೆಗೆ ಗುದ್ದುವ, ಮುಂದಕ್ಕೆ ನುಗ್ಗುವ ದನಿ. ವ್ಯತ್ಯಾಸಕ್ಕೆ ವಾಲ್ವುಗಳೂ ಟ್ರಾನ್ಸ್‌ಫಾರ್ಮರೂ ಕಾರಣ, ನಿಜ. ಆದರೆ ದೊಡ್ಡ ಪಾಲು ಸಲ್ಲಬೇಕಾದದ್ದು ಆ ಮರದ ಡಬ್ಬಿಗೆ. ಹೆಸರು ಮಾತ್ರ ಯಾವತ್ತೂ ಆಂಪ್‌ನದೇ.

ಇವತ್ತು ಫೆಂಡರ್, ಮಾರ್ಷಲ್ ಇಬ್ಬರೂ ಲ್ಯಾಪ್‌ಟಾಪಿನೊಳಗೆ, ಆಂಪ್‌ಗಳನ್ನು ಅನುಕರಿಸುವ ಸಾಫ್ಟ್‌ವೇರಿನ ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಕೂತಿದ್ದಾರೆ. ಜೊತೆಗೆ ವಾಕ್ಸ್, ಮೀಸಾ ಬೂಗಿ, ಹೈವಾಟ್, ರೋಲ್ಯಾಂಡ್, ಇನ್ನೂ ಹತ್ತಾರು ಮಂದಿ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕೆಳಗಿನವರು ಮಲಗಿದ ಮೇಲೆ ಗಿಟಾರ್ ಕೈಗೆತ್ತಿಕೊಳ್ಳುವ ಸಾಫ್ಟ್‌ವೇರ್ ಎಂಜಿನಿಯರ್‌ಗೆ ಇದಕ್ಕಿಂತ ವರ ಬೇರೇನು? ನೂರು ವಾಟಿನ ಆಂಪ್ ಹೆಡ್‌ಫೋನಿನೊಳಗೆ ಮೊರೆಯುತ್ತದೆ. ಪಕ್ಕದ ಕೋಣೆಯವರಿಗೆ ಕೇಳುವುದು ತಂತಿಯ ಟಿಣ್ ಟಿಣ್ ಅಷ್ಟೆ. ಆದರೆ ವರದ ಜೊತೆಗೊಂದು ರೋಗವೂ ಅಂಟಿದೆ. ನುಡಿಸಬೇಕಾದ ಹೊತ್ತೆಲ್ಲ ಆಂಪ್ ಬದಲಿಸುವುದರಲ್ಲಿ ಕಳೆಯುತ್ತದೆ. ಒಂದು ಕಾರ್ಡ್ ಬಾರಿಸು, ಕೇಳು, ತಲೆಯಾಡಿಸು, ಮುಂದಿನದು ಒತ್ತು. ಇದರಲ್ಲಿ ಒಂದು ಸೂಕ್ಷ್ಮವಿದೆ. ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಆಂಪ್ ಬದಲಿಸಿದರೆ ಅದರ ಕ್ಯಾಬಿನೆಟ್, ಅಂದರೆ ಸ್ಪೀಕರ್ ಪೆಟ್ಟಿಗೆ ಕೂಡ ತಾನಾಗಿಯೇ ಬದಲಾಗುತ್ತದೆ. ಹೀಗಾಗಿ ಕಿವಿಗೆ ಬಿದ್ದ ವ್ಯತ್ಯಾಸದಲ್ಲಿ ಆಂಪ್‌ನ ಪಾಲೆಷ್ಟು, ಪೆಟ್ಟಿಗೆಯ ಪಾಲೆಷ್ಟು ಎಂದು ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ಕೀರ್ತಿಯೆಲ್ಲ ಆಂಪ್‌ನ ಖಾತೆಗೆ ಜಮೆ.

ಬೇರ್ಪಡಿಸಿ ನೋಡುವುದು ಸುಲಭ. ಕ್ಯಾಬಿನೆಟ್ಟನ್ನು ಒಂದೇ ಕಡೆ ಬೀಗ ಹಾಕಿಟ್ಟು ಆಂಪ್‌ಗಳನ್ನಷ್ಟೇ ತಿರುಗಿಸಬೇಕು. ಗೇನ್ ಕಡಿಮೆ ಇಟ್ಟಾಗ ಹತ್ತಾರು ಹೆಸರಾಂತ ಆಂಪ್‌ಗಳು ಆಶ್ಚರ್ಯ ಹುಟ್ಟಿಸುವಷ್ಟು ಒಂದನ್ನೊಂದು ಹೋಲುತ್ತವೆ. ಬಳಿಕ ಆಂಪ್ ಒಂದನ್ನೇ ಇಟ್ಟು ಕ್ಯಾಬಿನೆಟ್ ತಿರುಗಿಸಿದರೆ ಗಿಟಾರನ್ನೇ ಬದಲಿಸಿದಂತೆ ದನಿ ಹೊರಳುತ್ತದೆ.

ಕಾರಣ ಸ್ಪೀಕರ್‌ನ ಸ್ವಭಾವದಲ್ಲಿದೆ. ಮನೆಯ ಹೈಫೈ ಸ್ಪೀಕರ್ ಪ್ರಾಮಾಣಿಕನಾಗಿರಬೇಕು. ಕೊಟ್ಟದ್ದನ್ನು ಕೊಟ್ಟಂತೆ ಒಪ್ಪಿಸಬೇಕು. ಗಿಟಾರ್ ಸ್ಪೀಕರ್‌ಗೆ ಆ ಹೊಣೆ ಇಲ್ಲ. ಅದರಲ್ಲಿ ಟ್ವೀಟರ್ ಇರುವುದಿಲ್ಲ, ಸಾಮಾನ್ಯವಾಗಿ ಹನ್ನೆರಡು ಇಂಚಿನ ಕಾಗದದ ಕೋನ್ ಒಂದೇ. ಸೆಲೆಶ್ಚನ್ ತನ್ನ ಪ್ರಸಿದ್ಧ ಗ್ರೀನ್‌ಬ್ಯಾಕ್ ಸ್ಪೀಕರ್‌ಗೆ ಬರೆದುಕೊಡುವ ವ್ಯಾಪ್ತಿ 75ರಿಂದ 5,000 ಹರ್ಟ್ಸ್. ಮನುಷ್ಯನ ಕಿವಿ 20,000ದವರೆಗೆ ಕೇಳುತ್ತದೆಂದು ಪಠ್ಯಪುಸ್ತಕ ಹೇಳುವಾಗ ಈ ಸ್ಪೀಕರ್ 5,000ಕ್ಕೇ ಕೈಚೆಲ್ಲುತ್ತದೆ. ಅಲ್ಲಿಂದ ಮುಂದೆ ಕಡಿದಾದ ಇಳಿಜಾರು. ಆ ದೌರ್ಬಲ್ಯವೇ ಡಿಸ್ಟಾರ್ಷನ್ನಿನ ಪಾಲಿಗೆ ಉಪಕಾರ. ವಾಲ್ವ್ ಉಕ್ಕಿ ಹರಿದಾಗ ಮೂಲಸ್ವರದ ಮೇಲೆ ಮೇಲುಸ್ವರಗಳ ಸಾಲು ಏಳುತ್ತದೆ. ಅದರಲ್ಲಿ ಮೇಲಿನವು ಬರೀ ಕರ್ಕಶ. ಸ್ಪೀಕರ್ ಅವನ್ನು ಹೊರಗೇ ನಿಲ್ಲಿಸಿ, ಬೇಕಾದವನ್ನಷ್ಟೇ ಒಳಬಿಡುತ್ತದೆ.

ಈ ಸೋಸುವಿಕೆ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ನಮ್ಮ ಗಣಪತಿ ಪೆಂಡಾಲ್‌ಗಳ ಆರ್ಕೆಸ್ಟ್ರಾ ಕೇಳಿದವರಿಗೆ ವಿವರಿಸಬೇಕಾಗಿಲ್ಲ. ಗಿಟಾರಿನ ಹುಡುಗ ಡಿಸ್ಟಾರ್ಷನ್ ಪೆಡಲ್‌ನಿಂದ ವೈರನ್ನು ನೇರವಾಗಿ ಮಿಕ್ಸರ್‌ಗೆ ಕೊಟ್ಟಿರುತ್ತಾನೆ. ನಡುವೆ ಗಿಟಾರ್ ಸ್ಪೀಕರ್ ಎಂಬುದು ಇಲ್ಲವೇ ಇಲ್ಲ. ಸೋಲೋ ಬಂದಾಗ ಹಾರ್ನ್ ಸ್ಪೀಕರ್‌ಗಳಿಂದ ಜುಂಯ್ ಎಂದು ಹೊರಡುವ ದನಿ ಕೊನೇ ಬೀದಿಯ ಮನೆಯವರ ಹಲ್ಲು ಜುಮ್ಮೆನಿಸುತ್ತದೆ. ಹುಡುಗನ ಬೆರಳಿನಲ್ಲಿ ದೋಷವಿಲ್ಲ, ಪೆಡಲ್ಲಿನಲ್ಲೂ ಇಲ್ಲ. ಅದೇ ಪೆಡಲ್ಲಿನ ನಂತರ ಪೆಟ್ಟಿಗೆಯ ದನಿ ಅನುಕರಿಸುವ ಒಂದು ಕ್ಯಾಬ್ ಸಿಮ್ಯುಲೇಷನ್ ಇಟ್ಟಿದ್ದರೆ ಅದೇ ಸೋಲೋ ಶಿಳ್ಳೆ ಗಿಟ್ಟಿಸುತ್ತಿತ್ತು.

ಪೆಟ್ಟಿಗೆ ಆರಿಸುವಾಗ ನೋಡಬೇಕಾದ್ದು ಎರಡೇ ಸಂಗತಿ: ಬೆನ್ನು ತೆರೆದಿದೆಯೇ ಮುಚ್ಚಿದೆಯೇ, ಒಳಗಿರುವ ಸ್ಪೀಕರ್ ಯಾವುದು. ತೆರೆದ ಬೆನ್ನಿನ ಪೆಟ್ಟಿಗೆಯಲ್ಲಿ ಕೋನಿನ ಹಿಂಬದಿಯ ಅಲೆ ಸುತ್ತಿ ಮುಂದೆ ಬಂದು ಮುಂಬದಿಯ ಅಲೆಯನ್ನು ಮಂದ್ರದಲ್ಲಿ ಒಂದಿಷ್ಟು ತಿಂದುಹಾಕುತ್ತದೆ. ಹಾಗಾಗಿ ಕೆಳಸ್ವರ ಸಡಿಲ, ಒಟ್ಟು ದನಿ ಹಗುರ. ಮುಚ್ಚಿದ ಪೆಟ್ಟಿಗೆಯಲ್ಲಿ ಒಳಗಿನ ಗಾಳಿಯೇ ಕೋನನ್ನು ಹಿಡಿದು ನಿಲ್ಲಿಸುವುದರಿಂದ ಮಂದ್ರ ಬಿಗಿ. ಅಂಗೈಯಿಂದ ತಂತಿ ಅದುಮಿ ಬಾರಿಸಿದಾಗ ‘ಝಕ್’ ಎನ್ನುವ ಬದಲು ‘ಧಕ್’ ಎನ್ನುತ್ತದೆ. ಸ್ಪೀಕರ್‌ಗಳ ಪೈಕಿ ಗ್ರೀನ್‌ಬ್ಯಾಕ್ 25 ವಾಟಿನ ಮೃದು ಸ್ವಭಾವದ್ದು, ಬೇಗ ಬಳಲುತ್ತದೆ, ಬಳಲಿದಾಗ ಚೆಂದ ಹಾಡುತ್ತದೆ. 1986ರಲ್ಲಿ ಬಂದ ವಿಂಟೇಜ್ 30 ಹೆಸರಿಗಷ್ಟೇ ಹಳತು. 60 ವಾಟ್ ತಾಳುತ್ತದೆ, ಮಧ್ಯದಿಂದ ಮೇಲ್ಭಾಗದಲ್ಲಿ ದನಿ ಎತ್ತರಿಸಿ ಮಾತಾಡುತ್ತದೆ. ಎರಡು ಗಿಟಾರ್, ಡ್ರಮ್, ಕೀಬೋರ್ಡ್‌ಗಳ ಜಾತ್ರೆಯಲ್ಲಿ ಕೇಳಿಸಬೇಕಾದವರಿಗೆ ಇದು ಸರಿ. ಒಬ್ಬರೇ ಕೂತು ನುಡಿಸುವಾಗ ಸ್ವಲ್ಪ ಚುಚ್ಚುತ್ತದೆ. ವಾಕ್ಸ್‌ನವರ ನೀಲಿ ಬಣ್ಣದ ಅಲ್ನಿಕೋ ಸ್ಪೀಕರ್ ತಾಳುವುದು 15 ವಾಟ್ ಮಾತ್ರ, ಮಿನುಗುವುದರಲ್ಲಿ ಅದಕ್ಕೆ ಎದುರಿಲ್ಲ.

ಆಂಪ್‌ನ ಹೆಸರು ದಾರಿ ತಪ್ಪಿಸುವುದಕ್ಕೆ ಒಂದು ಉತ್ತಮ ನಿದರ್ಶನವಿದೆ. 1966ರಲ್ಲಿ ಎರಿಕ್ ಕ್ಲಾಪ್ಟನ್ ಜಾನ್ ಮೇಯಾಲ್‌ರ ಬ್ಲೂಸ್‌ಬ್ರೇಕರ್ಸ್ ತಂಡದ ಜೊತೆ ಲಂಡನ್ನಿನ ಡೆಕ್ಕಾ ಸ್ಟುಡಿಯೋದಲ್ಲಿ ನುಡಿಸಿದ ದನಿಯನ್ನು ‘ಮಾರ್ಷಲ್ ಟೋನ್’ ಎಂದು ಜಗತ್ತು ಕೊಂಡಾಡಿತು. ಮಾರ್ಷಲ್ ಅಂದ ಕೂಡಲೇ ಸಾಫ್ಟ್‌ವೇರ್ ನಾಲ್ಕು ಸ್ಪೀಕರಿನ ಮುಚ್ಚಿದ ಪೆಟ್ಟಿಗೆಯನ್ನು ತಂದು ನಿಲ್ಲಿಸುತ್ತದೆ. ಆದರೆ ಕ್ಲಾಪ್ಟನ್‌ರ ಮುಂದಿದ್ದದ್ದು ಎರಡು ಸ್ಪೀಕರಿನ, ಬೆನ್ನು ತೆರೆದ ಮಾರ್ಷಲ್ ಕಾಂಬೋ, ಆಂಪ್ ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದದ್ದು. ಎಷ್ಟು ಗೇನ್ ತಿರುವಿದರೂ ಆ ದನಿ ಸಿಗುತ್ತಿಲ್ಲವೆಂದು ಒದ್ದಾಡುವವರು ಗೇನ್ ಬಿಟ್ಟು ಪೆಟ್ಟಿಗೆ ಬದಲಿಸಿದರೆ ಅರ್ಧ ದಾರಿ ಒಮ್ಮೆಗೇ ಸವೆಯುತ್ತದೆ. ಉಳಿದರ್ಧ ಗಿಬ್ಸನ್ ಲೆಸ್ ಪಾಲ್ ಗಿಟಾರ್‌ಗೂ ಆ ಬೆರಳುಗಳಿಗೂ ಸೇರಿದ್ದು, ಅದಕ್ಕೆ ಸಾಫ್ಟ್‌ವೇರ್ ಹೊಣೆಯಲ್ಲ.

ಪೆಟ್ಟಿಗೆಯ ದನಿಯನ್ನು ಕಂಪ್ಯೂಟರ್‌ಗೆ ತುಂಬುವುದು ಹೇಗೆ? ವಿಜಯಪುರದ ಗೋಳಗುಮ್ಮಟದೊಳಗೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ, ಮರುದನಿಗಳೆಲ್ಲ ಅಡಗುವವರೆಗೆ ರೆಕಾರ್ಡ್ ಮಾಡಿಕೊಂಡರೆ, ಆ ಗುಮ್ಮಟದ ಸ್ವಭಾವವೆಲ್ಲ ಆ ಒಂದು ಧ್ವನಿಮುದ್ರಣದಲ್ಲಿ ಅಡಕ. ಬಳಿಕ ಯಾವುದೇ ಹಾಡನ್ನು ಗಣಿತದ ಮೂಲಕ ಅದರೊಂದಿಗೆ ಬೆರೆಸಿದರೆ ಹಾಡು ಗುಮ್ಮಟದೊಳಗೆ ಹಾಡಿದಂತೆಯೇ ಕೇಳುತ್ತದೆ. ಇದಕ್ಕೆ ಇಂಪಲ್ಸ್ ರೆಸ್ಪಾನ್ಸ್ ಎನ್ನುತ್ತಾರೆ, ಚಿಕ್ಕದಾಗಿ ಐಆರ್. ಗಿಟಾರ್ ಪೆಟ್ಟಿಗೆಯದೂ ಹೀಗೆಯೇ, ಚಪ್ಪಾಳೆಯ ಬದಲು ಮಂದ್ರದಿಂದ ತಾರಕ್ಕೇರುವ ಒಂದು ಎಳೆ ಶಬ್ದವನ್ನು ಹರಿಸುವುದು ರೂಢಿ. ಗುಮ್ಮಟದ ಫೈಲ್‌ಗೆ ಹಲವು ಸೆಕೆಂಡ್ ಬೇಕು. ಪೆಟ್ಟಿಗೆಗೆ 2,048 ಸ್ಯಾಂಪಲ್, ಅಂದರೆ 48 ಕಿಲೋಹರ್ಟ್ಸ್‌ನಲ್ಲಿ 43 ಮಿಲಿಸೆಕೆಂಡ್ ಸಾಕಾಗುತ್ತದೆ. ಕಣ್ಣು ರೆಪ್ಪೆ ಬಡಿಯುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಆ ಫೈಲಿನೊಳಗೆ ಪೆಟ್ಟಿಗೆಯ ಜೊತೆ ಮೈಕೂ ಕೂತಿರುತ್ತದೆ. ಇದನ್ನು ಮರೆಯುವವರೇ ಹೆಚ್ಚು. 1965ರಿಂದ ಬಳಕೆಯಲ್ಲಿರುವ ಶೂರ್ ಎಸ್‌ಎಂ57 ಮೈಕನ್ನು ಕೋನಿನ ನಟ್ಟನಡುವಿನ ಗುಬುಟಿನೆದುರು ಹಿಡಿದರೆ ದನಿ ಚೂಪು. ಅಂಚಿನ ಕಡೆಗೆ ಎರಡು ಮೂರು ಸೆಂಟಿಮೀಟರ್ ಸರಿಸಿದರೆ ಚೂಪು ಕರಗಿ ತುಂಬು ದನಿಯಾಗುತ್ತದೆ. ಈ ಸರಿಸುವಿಕೆ ಆಂಪ್‌ನ ಟ್ರೆಬಲ್ ತಿರುಪಿಗಿಂತ ಹೆಚ್ಚಿನ ಕೆಲಸ ಮಾಡುತ್ತದೆ, ಹೆಚ್ಚು ಸಹಜವಾಗಿಯೂ ಮಾಡುತ್ತದೆ. ರಾಯರ್ ಆರ್-121ರಂಥ ರಿಬ್ಬನ್ ಮೈಕ್ ಮೇಲಿನ ಕಿರಿಕಿರಿಯನ್ನು ತಾನೇ ನುಂಗಿಕೊಳ್ಳುವ ಸಾಧು. ಎರಡನ್ನೂ ಬೆರೆಸುವುದು ಸ್ಟುಡಿಯೋದವರ ಹಳೆಯ ಪಾಠ. ಬೆರೆಸುವಾಗ ದೂರ ನೋಡಿಕೊಳ್ಳಬೇಕು: ಒಂದು ಮೈಕ್ ಇನ್ನೊಂದಕ್ಕಿಂತ ಐದು ಸೆಂಟಿಮೀಟರ್ ಹಿಂದಿದ್ದರೆ 3,400 ಹರ್ಟ್ಸ್ ಆಸುಪಾಸಿನಲ್ಲಿ ಎರಡು ಅಲೆಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಗಿಟಾರ್ ಎದ್ದು ಕೇಳಿಸುವುದೇ ಆ ಆಸುಪಾಸಿನಲ್ಲಿ.

ಇನ್ನೊಂದು ತಮಾಷೆ. ಪಟ್ಟಿಯಲ್ಲಿ ‘ಫೋರ್ ಬೈ ಟ್ವೆಲ್ವ್’ ಎಂದು ಓದಿ ನಾಲ್ಕು ಸ್ಪೀಕರ್‌ಗಳ ಅಬ್ಬರ ನಿರೀಕ್ಷಿಸುವವರು ಮೈಕ್ ಎಲ್ಲಿದೆ ನೋಡಬೇಕು. ಕೋನಿಗೆ ಮೂಗು ತಾಗಿಸಿದಂತೆ ನಿಂತ ಮೈಕಿಗೆ ಕೇಳುವುದು ಬಹುಪಾಲು ಒಂದೇ ಸ್ಪೀಕರ್. ಉಳಿದ ಮೂರು ದೂರದ ನೆಂಟರು. ಹಾಗಿದ್ದೂ ದನಿ ಬೇರೆ ಬರುವುದು ದೊಡ್ಡ ಮುಚ್ಚಿದ ಪೆಟ್ಟಿಗೆಯೊಳಗೆ ಆ ಒಂದು ಸ್ಪೀಕರ್ ವರ್ತಿಸುವ ರೀತಿಯಿಂದ. ವೇದಿಕೆಯ ಮೇಲಿನ ಗೋಡೆಯಂಥ ಸ್ಟ್ಯಾಕ್‌ನ ಕತೆ ಬೇರೆ. ದ ಹೂ ತಂಡದ ಪೀಟ್ ಟೌನ್‌ಶೆಂಡ್ 1965ರಲ್ಲಿ ಜಿಮ್ ಮಾರ್ಷಲ್‌ರಿಂದ ಎಂಟು ಸ್ಪೀಕರಿನ ಒಂದೇ ಪೆಟ್ಟಿಗೆ ಮಾಡಿಸಿಕೊಂಡರು. ಹೊರುವವರು ಗೊಣಗಿದರು. ಅದನ್ನು ಎರಡು ಮಾಡಿ ಒಂದರ ಮೇಲೊಂದು ಇಟ್ಟರು. ರಾಕ್ ಸಂಗೀತದ ಆ ಭವ್ಯ ದೃಶ್ಯದ ಹಿಂದೆ ಕೂಲಿಯವರ ಬೆನ್ನುನೋವಿದೆ.

ಐಆರ್‌ಗೆ ಆಗದ ಕೆಲಸವೂ ಒಂದಿದೆ. 1964ರಲ್ಲಿ ದ ಕಿಂಕ್ಸ್ ತಂಡದ ಡೇವ್ ಡೇವಿಸ್, ಎಲ್ಪಿಕೋ ಎಂಬ ಪುಟ್ಟ ಆಂಪ್‌ನ ದನಿ ಸಪ್ಪೆಯೆನಿಸಿ, ಅದರ ಸ್ಪೀಕರ್ ಕೋನನ್ನು ಬ್ಲೇಡಿನಿಂದ ಸೀಳಿದ. ಹರಿದ ಕಾಗದ ಪರಪರ ಎಂದು ಅದುರಿ ಹುಟ್ಟಿದ ಒರಟು ದನಿಯೇ ‘ಯೂ ರಿಯಲಿ ಗಾಟ್ ಮಿ’ ಹಾಡಿನದು. ಗಿಟಾರ್ ಲೋಕದ ಪ್ರಖ್ಯಾತ ಡಿಸ್ಟಾರ್ಷನ್‌ಗಳಲ್ಲೊಂದು ಸರ್ಕ್ಯೂಟಿನಿಂದ ಬಂದದ್ದಲ್ಲ, ಸ್ಪೀಕರಿನಿಂದ ಬಂದದ್ದು. ಐಆರ್ ಎಂಬುದು ಮೆಲ್ಲಗೆ ನುಡಿಸಿದರೂ ಜೋರಾಗಿ ನುಡಿಸಿದರೂ ಒಂದೇ ರೀತಿ ಸೋಸುವ ಜರಡಿ. ಕೋನ್ ಬಳಲುವುದು, ಹರಿದು ಅದುರುವುದು ಅದಕ್ಕೆ ತಿಳಿಯದು. ಹೀಗಾಗಿ ಕೆಲವು ತಯಾರಕರು ಸ್ಪೀಕರಿನ ಬಳಲಿಕೆಯನ್ನು ಬೇರೆಯೇ ತಿರುಪಾಗಿ ಕೊಡುತ್ತಾರೆ. ವಾಲ್ವ್ ಆಂಪ್‌ಗೂ ಸ್ಪೀಕರ್‌ಗೂ ನಡುವಿನ ವಿದ್ಯುತ್ ಜಗ್ಗಾಟವನ್ನು, ಅಂದರೆ ಇಂಪಿಡೆನ್ಸ್ ವಕ್ರರೇಖೆಯನ್ನು, ಆರಿಸಿಕೊಳ್ಳಲು ಬಿಡುವ ಉಪಕರಣಗಳೂ ಇವೆ. ಆ ಆಯ್ಕೆಗಳ ಪುಟವನ್ನು ತೆರೆಯದೆ ಬಿಡುವುದು ನಷ್ಟ.

ಟ್ರೇಡ್‌ಮಾರ್ಕ್ ಭಯದಿಂದ ಹಲವು ಕಂಪನಿಗಳು ಆಂಪ್‌ಗಳಿಗೆ ಮಾರುವೇಷ ಹಾಕುತ್ತವೆ. ಲೈನ್ 6 ಕಂಪನಿಯ ಹೀಲಿಕ್ಸ್‌ನಲ್ಲಿ ಮಾರ್ಷಲ್ ಸೂಪರ್ ಲೀಡ್ ‘ಬ್ರಿಟ್ ಪ್ಲೆಕ್ಸಿ’, ರೋಲ್ಯಾಂಡ್ ಜಾಝ್ ಕೋರಸ್ ‘ಜಾಝ್ ರಿವೆಟ್’. ವಾಕ್ಸ್ ಎಸಿ30ಗೆ ‘ಎಸೆಕ್ಸ್’ ಎಂದು ಹೆಸರು, ವಾಕ್ಸ್ ಹುಟ್ಟಿದ ಡಾರ್ಟ್‌ಫರ್ಡ್ ಇರುವುದು ಥೇಮ್ಸ್ ನದಿಯಾಚೆ, ಎಸೆಕ್ಸ್ ಜಿಲ್ಲೆಗೆ ಎದುರು ದಡದ ಕೆಂಟ್‌ನಲ್ಲಿ! ಜರ್ಮನಿಯಿಂದ ಹೋಗಿ ಲಾಸ್ ಏಂಜಲೀಸ್‌ನಲ್ಲಿ ನೆಲೆಸಿದ ರೈನ್‌ಹೋಲ್ಡ್ ಬೋಗ್ನರ್ ತಮ್ಮ ಒಂದು ಆಂಪ್‌ಗೆ ‘ಶಿವ’ ಎಂದು ಹೆಸರಿಟ್ಟಿದ್ದರು. ಪಟ್ಟಿಯಲ್ಲಿ ಅದು ‘ಜರ್ಮನ್ ಮಹಾದೇವ’. ನಮ್ಮವರು ಈ ಒಂದನ್ನು ಮಾತ್ರ ಕೈಪಿಡಿ ನೋಡದೆ ಪತ್ತೆಹಚ್ಚಬಹುದು.

ಇನ್ನು ಟೋನ್‌ಗಳ ಆಯ್ಕೆ. ಸ್ವಚ್ಛ ದನಿಗೆ ಫೆಂಡರ್‌ನ 1960ರ ದಶಕದ ಡಿಲಕ್ಸ್ ರಿವರ್ಬ್ ಅಥವಾ ಟ್ವಿನ್ ರಿವರ್ಬ್ ಮಾದರಿ. 22 ವಾಟಿನ ಡಿಲಕ್ಸ್ ತಂತಿ ಬಲವಾಗಿ ಮೀಟಿದಾಗ ತುಸು ಗೊಗ್ಗರಾಗುತ್ತದೆ. 85 ವಾಟಿನ ಟ್ವಿನ್ ಏನು ಮಾಡಿದರೂ ಸಭ್ಯತೆ ಬಿಡುವುದಿಲ್ಲ. ಈ ಆಂಪ್‌ಗಳ ಟೋನ್ ಸರ್ಕ್ಯೂಟ್ ಹುಟ್ಟಿನಿಂದಲೇ ಮಧ್ಯವನ್ನು ತಗ್ಗಿಸಿರುತ್ತದೆ. ಟೋನ್ ತಿರುಪುಗಳನ್ನೆಲ್ಲ ನಡುವಿಗೆ ಇಟ್ಟು ಇದೇ ಸಮತೋಲ ಎಂದುಕೊಂಡರೆ ಅದು ತಪ್ಪು ಲೆಕ್ಕ. ಬೇಸ್ ಇಳಿಸಿ, ಮಿಡ್ ತಿರುಪಿದ್ದರೆ ಅದನ್ನು ಏರಿಸಿ, ತೆರೆದ ಬೆನ್ನಿನ ಒಂಟಿ ಸ್ಪೀಕರ್ ಪೆಟ್ಟಿಗೆ ಕೊಟ್ಟರೆ ಹಾಡಿನ ಹಿಂದೆ ಬಿಡಿ ಬಿಡಿಯಾಗಿ ಮೀಟುವ ಸ್ವರಗಳು ಮುತ್ತು ಪೋಣಿಸಿದಂತೆ ನಿಲ್ಲುತ್ತವೆ. 1975ರ ರೋಲ್ಯಾಂಡ್ ಜೆಸಿ-120ರಲ್ಲಿ ವಾಲ್ವ್ ಒಂದೂ ಇಲ್ಲ, ಎಲ್ಲ ಟ್ರಾನ್ಸಿಸ್ಟರ್. ವಾಲ್ವ್ ಭಕ್ತರು ಮೂಗು ಮುರಿಯುವ ಆ ಆಂಪನ್ನೇ ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡ್ ತಮ್ಮ ಸ್ವಚ್ಛ ದನಿಗೆ ನೆಚ್ಚಿಕೊಂಡಿದ್ದರು.

ಸ್ವಚ್ಛಕ್ಕೂ ಒರಟಿಗೂ ನಡುವಿನ ಮಿನುಗು ಎಸಿ30ರದು. ಟಾಮ್ ಜೆನಿಂಗ್ಸ್ ಮತ್ತು ಡಿಕ್ ಡೆನ್ನಿ ಮಾಡಿದ ಈ ಆಂಪ್‌ನ ಔಟ್‌ಪುಟ್‌ನಲ್ಲಿ ನಾಲ್ಕು ಪುಟ್ಟ ಇಎಲ್84 ವಾಲ್ವ್. ದನಿಗೆ ಕಡಿವಾಣ ಹಾಕುವ ನೆಗೆಟಿವ್ ಫೀಡ್‌ಬ್ಯಾಕ್ ಇಲ್ಲದ್ದರಿಂದ ಬೆರಳಿನ ಚಲನೆಗೆ ಥಟ್ಟನೆ ಓಗೊಡುತ್ತದೆ. ಬೀಟಲ್ಸ್, ಕ್ವೀನ್ ತಂಡದ ಬ್ರಯಾನ್ ಮೇ, ಯೂ2 ತಂಡದ ಎಡ್ಜ್, ಈ ಮೂರೂ ದನಿಗಳು ಒಂದೇ ಪೆಟ್ಟಿಗೆಯಿಂದ ಬಂದವೆಂದರೆ ನಂಬುವುದು ಕಷ್ಟ. ಮೇ ಆಂಪ್‌ಗೆ ಮುಂಚೆ ಟ್ರೆಬಲ್ ಬೂಸ್ಟರ್ ಇಟ್ಟು ಆಂಪನ್ನು ಪೂರ್ತಿ ತಿರುವಿದರು. ಎಡ್ಜ್ ಎಕೋ ಯಂತ್ರ ಇಟ್ಟರು.

ಕ್ರಂಚ್ ದನಿಗೆ ಮಾರ್ಷಲ್. ಇಲ್ಲಿ ಬೇಕಿರುವುದು ಸಂಯಮ. ಎಸಿ/ಡಿಸಿಯ ಮಾಲ್ಕಂ ಯಂಗ್ ಅವರ ರಿದಮ್ ಗಿಟಾರ್‌ನಲ್ಲಿ ಇರುವ ಗೇನ್, ಕೇಳುವವರು ಊಹಿಸುವುದಕ್ಕಿಂತ ಎಷ್ಟೋ ಕಡಿಮೆ. ಆರು ತಂತಿಯೂ ಬಿಡಿಯಾಗಿ ಕೇಳಬೇಕು. ಗ್ರೀನ್‌ಬ್ಯಾಕ್ ಪೆಟ್ಟಿಗೆ, ಗೇನ್ ಅರ್ಧಕ್ಕಿಂತ ಕೆಳಗೆ, ಉಳಿದದ್ದು ಬಲಗೈಯದು.

ಹೆವಿ ಮೆಟಲ್‌ಗೆ ಮೀಸಾ ರೆಕ್ಟಿಫೈಯರ್ ಅಥವಾ 1992ರ ಪೀವಿ 5150, ಮುಚ್ಚಿದ ಪೆಟ್ಟಿಗೆಯಲ್ಲಿ ವಿಂಟೇಜ್ 30. ಆಂಪ್‌ಗೆ ಮುಂಚೆ ಒಂದು ಟ್ಯೂಬ್ ಸ್ಕ್ರೀಮರ್ ಪೆಡಲ್ ಇಟ್ಟು ಅದರ ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ. ಡಿಸ್ಟಾರ್ಷನ್ ಪೆಡಲನ್ನು ಡಿಸ್ಟಾರ್ಷನ್ ಇಲ್ಲದೆ ಬಳಸುವುದೆಂದರೆ ವಿಚಿತ್ರ ಎನಿಸಬಹುದು. ಆದರೆ ಆ ಪೆಡಲ್ ಮಂದ್ರವನ್ನು ಕತ್ತರಿಸಿ 720 ಹರ್ಟ್ಸ್ ಸುತ್ತ ಉಬ್ಬು ಕೊಡುತ್ತದೆ, ಆಂಪ್‌ಗೆ ಕೆಸರಿಲ್ಲದ ಸಿಗ್ನಲ್ ಸಿಗುತ್ತದೆ. ಕೊನೆಗೆ ಗಿಟಾರಿನ ಕೆಳತಂತಿಯ 82 ಹರ್ಟ್ಸ್‌ನ ಆಸುಪಾಸಿನಿಂದ ಕೆಳಗಿನದನ್ನು ಬೇಸ್ ಗಿಟಾರ್‌ಗೆ ಬಿಟ್ಟುಕೊಡುವುದು ಸೌಜನ್ಯ.

ಇಷ್ಟೆಲ್ಲ ಆರಿಸಿದರೂ ದನಿ ಹದಗೆಡಲು ಒಂದು ಸಣ್ಣ ಕಾರಣ ಸಾಕು: ಗಿಟಾರನ್ನು ಕಂಪ್ಯೂಟರ್‌ಗೆ ಜೋಡಿಸುವ ಇಂಟರ್‌ಫೇಸ್‌ನ ಇನ್‌ಪುಟ್. ಗಿಟಾರನ್ನು ಹೈ-ಝಡ್ ಎಂದು ಬರೆದ ತೂತಿಗೇ ಚುಚ್ಚಬೇಕು, ಮೈಕಿನದ್ದಕ್ಕಲ್ಲ. ಗೇನ್ ಮುಳ್ಳನ್ನು ಹಸಿರಿನಿಂದ ಹಳದಿಗೆ ಓಡಿಸಿದಷ್ಟೂ ಒಳಗಿನ ಆಂಪ್ ಬೇಗ ಒರಟಾಗುತ್ತದೆ. ‘ಈ ಫೆಂಡರ್ ಮಾದರಿ ಸ್ವಚ್ಛವೇ ಇಲ್ಲ’ ಎಂಬ ದೂರಿಗೆ ಮೂಲ ಬಹಳ ಸಲ ಇಲ್ಲಿರುತ್ತದೆ. ಲೇಟೆನ್ಸಿಯ, ಅಂದರೆ ಮೀಟಿದ ಸ್ವರ ಕಿವಿಗೆ ಬರಲು ಆಗುವ ತಡದ ವಿಷಯದಲ್ಲಿ ಮಾತ್ರ ಅಷ್ಟೊಂದು ಹೌಹಾರಬೇಕಿಲ್ಲ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ ಎಂದರೆ 2.7 ಮಿಲಿಸೆಕೆಂಡ್. ಅಷ್ಟರಲ್ಲಿ ಶಬ್ದ ಗಾಳಿಯಲ್ಲಿ ಒಂದು ಮೀಟರ್ ಕೂಡ ಸಾಗಿರುವುದಿಲ್ಲ. ಹೋಗಿ ಬರುವುದನ್ನೆಲ್ಲ ಸೇರಿಸಿ ಎಂಟೊಂಬತ್ತು ಮಿಲಿಸೆಕೆಂಡ್ ಆದರೂ ಆಂಪ್‌ನಿಂದ ಮೂರು ಮೀಟರ್ ದೂರ ನಿಂತು ನುಡಿಸಿದ ಹಾಗಾಯಿತು.

ಕಿವಿಯ ಮೋಸ ಇದಕ್ಕಿಂತ ದೊಡ್ಡದು. ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿಕೊಟ್ಟಂತೆ, ಶಬ್ದ ಮೆಲ್ಲಗಿದ್ದಾಗ ಕಿವಿಗೆ ಮಂದ್ರವೂ ತಾರವೂ ಕಡಿಮೆ ಕೇಳುತ್ತವೆ. ರಾತ್ರಿ ಮೆಲುದನಿಯಲ್ಲಿ ಪ್ರೀಸೆಟ್, ಅಂದರೆ ಉಳಿಸಿಟ್ಟುಕೊಳ್ಳುವ ಸೆಟ್ಟಿಂಗ್ ಕಟ್ಟುವವರು ಆ ಕೊರತೆ ತುಂಬಲು ಬೇಸ್ ಏರಿಸುತ್ತಾರೆ, ಟ್ರೆಬಲ್ ಏರಿಸುತ್ತಾರೆ, ಮಿಡ್ ಇಳಿಸುತ್ತಾರೆ. ಒಂಟಿಯಾಗಿ ಕೇಳಲು ಅದು ಸೊಗಸು. ಅದೇ ಪ್ರೀಸೆಟ್ ವೇದಿಕೆಯ ಮೇಲೆ ಕೆಳಗೆ ಗುಡುಗುತ್ತದೆ, ಮೇಲೆ ಚುಚ್ಚುತ್ತದೆ, ನಡುವೆ ಇರಬೇಕಾದ ಗಿಟಾರ್ ನಾಪತ್ತೆ. ಡ್ರಮ್ ಮತ್ತು ಬೇಸ್ ಇರುವ ಒಂದು ಹಾಡಿನ ಜೊತೆಗಿಟ್ಟು, ಸ್ವಲ್ಪ ಜೋರಾಗಿ, ಒಮ್ಮೆಯಾದರೂ ಕೇಳದೆ ಪ್ರೀಸೆಟ್ಟಿಗೆ ಹೆಸರಿಡಬಾರದು.

ಈಗಿನ ಹೊಸ ಗೀಳು ಕ್ಯಾಪ್ಚರ್. 1998ರ ಆಂಪ್ ಫಾರ್ಮ್ ಮತ್ತು ಕೆಂಪು ಪಾಡ್ ಯಂತ್ರಗಳ ಕಾಲದಿಂದ ಬಂದ ಮಾದರಿ ವಿಧಾನದಲ್ಲಿ ಸರ್ಕ್ಯೂಟನ್ನೇ ಗಣಿತವಾಗಿ ಬರೆಯುತ್ತಾರೆ. ತಿರುಪು ತಿರುವಿದರೆ ನಿಜದ ಆಂಪ್‌ನಂತೆ ವರ್ತಿಸುತ್ತದೆ. ಜರ್ಮನಿಯ ಕ್ರಿಸ್ಟೋಫ್ ಕೆಂಪರ್ ಅವರ ಪ್ರೊಫೈಲರ್, ಸ್ಟೀವನ್ ಆಟ್ಕಿನ್ಸನ್ ಉಚಿತವಾಗಿ ಹಂಚಿದ ನ್ಯೂರಲ್ ಆಂಪ್ ಮಾಡೆಲರ್ ಇವು ಆಂಪ್ ಒಂದು ಸ್ಥಿತಿಯಲ್ಲಿದ್ದಾಗಿನ ಪಡಿಯಚ್ಚು ತೆಗೆಯುತ್ತವೆ. ಪಡಿಯಚ್ಚು ಕೆಲವೊಮ್ಮೆ ಮೂಲವನ್ನೂ ಮೀರಿಸುವಷ್ಟು ಚೆಂದ, ಆದರೆ ಅದೊಂದೇ ಭಂಗಿ. ಇಳಿಸಿಕೊಳ್ಳುವ ಮುನ್ನ ಅದರಲ್ಲಿ ಪೆಟ್ಟಿಗೆ ಸೇರಿದೆಯೇ ಇಲ್ಲವೇ ಓದಿಕೊಳ್ಳಬೇಕು. ಸೇರಿದ್ದಕ್ಕೆ ಮತ್ತೊಂದು ಕ್ಯಾಬ್ ಹಚ್ಚಿದರೆ ಕಂಬಳಿ ಹೊದ್ದು ಮಾತಾಡಿದ ದನಿ ಬರುತ್ತದೆ.

ಪೆಟ್ಟಿಗೆಯೇ ಇಲ್ಲದೆ ನುಡಿಸುವ ಕಾಲವೂ ಬಂದುಬಿಟ್ಟಿತು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನವನ್ನು ನಡುಗಿಸಿ ಹೋದ ಮೆಟಾಲಿಕಾ, 2013ರ ಡಿಸೆಂಬರ್ 8ರಂದು ಅಂಟಾರ್ಕ್ಟಿಕಾದಲ್ಲಿ, ಅರ್ಜೆಂಟೀನಾದ ಕಾರ್ಲಿನಿ ನೆಲೆಯ ಬಳಿ ಒಂದು ಪುಟ್ಟ ಗುಮ್ಮಟದೊಳಗೆ ನುಡಿಸಿತು. ಅಲ್ಲಿನ ಪರಿಸರಕ್ಕೆ ಸದ್ದು ತಾಗಬಾರದೆಂದು ಕೇಳುಗರಿಗೆಲ್ಲ ಹೆಡ್‌ಫೋನ್. ಆ ಬಳಿಕ ಅವರ ಪ್ರವಾಸಗಳಲ್ಲಿ ಭಾರದ ಆಂಪ್‌ಗಳ ಜಾಗಕ್ಕೆ ಫ್ರಾಕ್ಟಲ್ ಕಂಪನಿಯ ಆಕ್ಸ್-ಎಫ್‌ಎಕ್ಸ್ ಯಂತ್ರ ಬಂತು. ಯಂತ್ರದೊಳಗೆ ಮಾತ್ರ ಪೆಟ್ಟಿಗೆ ಇದ್ದೇ ಇದೆ; ಮರದ್ದಲ್ಲ, ಕೆಲವು ಸಾವಿರ ಅಂಕಿಗಳದ್ದು.

ಪಟ್ಟಿಯ ತಳದಲ್ಲಿ, ಯಾರೂ ಒತ್ತದ ಕಡೆ, ಫೆಂಡರ್ ಚಾಂಪ್ ಇರುತ್ತದೆ. ಐದು ವಾಟ್, ಎಂಟು ಇಂಚಿನ ಒಂದೇ ಸ್ಪೀಕರ್, ಕಲಿಯುವ ಮಕ್ಕಳಿಗೆಂದು ಮಾಡಿದ್ದು. 1970ರಲ್ಲಿ ಮಯಾಮಿಯ ಕ್ರೈಟೀರಿಯಾ ಸ್ಟುಡಿಯೋದಲ್ಲಿ ‘ಲೈಲಾ’ ದಾಖಲಾದಾಗ ಕ್ಲಾಪ್ಟನ್ ನೆಚ್ಚಿದ್ದು ಇದನ್ನೇ. ಲೆಡ್ ಜೆಪ್ಲಿನ್‌ನ ಮೊದಲ ಆಲ್ಬಮ್‌ನಲ್ಲಿ ಜಿಮ್ಮಿ ಪೇಜ್ ಬಳಸಿದ ಸುಪ್ರೋ ಕೂಡ ದೊಡ್ಡ ಆಂಪ್ ಏನಲ್ಲ. ಮೈಕಿಗೆ ಆಂಪ್‌ನ ಎತ್ತರ ಕಾಣಿಸುವುದಿಲ್ಲ. ಸಾಫ್ಟ್‌ವೇರ್‌ನಲ್ಲಿ ಇನ್ನೊಂದು ಅನುಕೂಲವುಂಟು: ಚಾಂಪ್ ಅನ್ನು ತಂದು ಗ್ರೀನ್‌ಬ್ಯಾಕ್ ತುಂಬಿದ ಮಾರ್ಷಲ್ ಪೆಟ್ಟಿಗೆಗೆ ಹೂಡಬಹುದು. ಓಮ್ಸ್ ಹೊಂದುತ್ತದೆಯೇ, ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆಯೇ ಎಂಬ ಚಿಂತೆ ಇಲ್ಲ. ಎಂಟು ಇಂಚಿನ ಕೋನ್ ಕೊಡಲಾಗದ ಮಂದ್ರ ಆ ಪುಟ್ಟ ಆಂಪ್‌ಗೆ ಆಗ ಸಿಕ್ಕಿಬಿಡುತ್ತದೆ. ಇಲ್ಲವೇ ಉಲ್ಟಾ ಮಾಡಿ ನೋಡಬಹುದು, ನೂರು ವಾಟಿನ ಸೂಪರ್ ಲೀಡ್ ಅನ್ನು ಚಾಂಪ್‌ನ ಒಂಟಿ ಸ್ಪೀಕರ್‌ಗೆ. ನಿಜದ ಸ್ಪೀಕರ್ ಆಗಿದ್ದರೆ ಹಾಡು ಶುರುವಾಗುವ ಮೊದಲೇ ಕಾಯಿಲ್ ಕರಕಲು. ಇಲ್ಲಿ ಬರುವುದು ಮೂಗಿನಿಂದ ಹೊರಡುವ, ಕೆಳಗೂ ಮೇಲೂ ಕತ್ತರಿಸಿದ ಒಂದು ಮೊಂಡು ದನಿ. ಎರಡನೇ ಚರಣದಲ್ಲಿ ಹಾಡುಗಾರರಿಗೆ ಅಡ್ಡ ಬರದೆ ಹಿಂದೆ ನಿಂತು ತಾಳ ಹಿಡಿಯಬೇಕಾದ ಗಿಟಾರ್‌ಗೆ ಅದು ಹೇಳಿ ಮಾಡಿಸಿದ್ದು.